ಮೂರು ಮೆಟ್ಟಿಲಿನ ಗೊಂಬೆಹಬ್ಬ

ನವರಾತ್ರಿಯು ಸಮೀಪಿಸುತ್ತಲೇ ನಮ್ಮ ಅನೇಕ ಗೃಹಿಣಿಯರ ಮನಸ್ಸಿನಲ್ಲಿ ಉತ್ಸಾಹದೊಡನೆ ಒಂದು ಅಳುಕೂ ಹುಟ್ಟುವುದುಂಟು. ತೌರಿನವರು ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿವೆ. ಅವುಗಳನ್ನು ಕೂರಿಸುವ ಬಿಡುವು ಮಾತ್ರ ಎಲ್ಲಿಯೂ ಕಾಣದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮೊದಲಾದ ಬಡಾವಣೆಗಳಲ್ಲಿ ಗಂಡಹೆಂಡಿರಿಬ್ಬರೂ ಉದ್ಯೋಗಕ್ಕೆ ಹೋಗಿ, ದೀಪ ಹಚ್ಚುವ ಹೊತ್ತು ಮೀರಿದ ಮೇಲೆ ಮನೆ ಸೇರುವ ಸಂಸಾರಗಳು ಈಗ ಬಹಳ. ಅಂಥವರಲ್ಲಿ ಕೆಲವರು ‘ಮುಂದಿನ ವರುಷ ನೋಡೋಣ’ ಎಂದು ಪೆಟ್ಟಿಗೆಯನ್ನು ತೆರೆಯದೆಯೇ ಬಿಡುವರು. ಹೀಗೆ ನಾಲ್ಕು ವರುಷ ಕಳೆದರೆ, ಆ ಪೆಟ್ಟಿಗೆಯಲ್ಲಿ ಏನಿದೆಯೆಂಬುದೇ ಮನೆಯ ಮಗುವಿಗೆ ತಿಳಿಯದೆ ಹೋಗುವುದು.

ವಿಚಾರಿಸಿ ನೋಡಿದರೆ ಸಂಪ್ರದಾಯವು ನಮ್ಮಿಂದ ಕೇಳುವುದು ಸ್ವಲ್ಪವೇ. ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕೆಂಬುದು ರೂಢಿ; 9 ಆಗಬಹುದು, 7 ಆಗಬಹುದು, 3 ಆದರೂ ಸಲ್ಲುವುದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯು ಮುಂದೆ ಮೈಸೂರಿನಲ್ಲಿ ವೈಭವವಾಗಿ ಬೆಳೆಯಿತು. ಅರಮನೆಯಲ್ಲಿ ಅರಸರ ದರ್ಬಾರು ನಡೆಯುತ್ತಿದ್ದರೆ, ಮನೆಗಳಲ್ಲಿ ರಾಜರಾಣಿ ಗೊಂಬೆಗಳ ದರ್ಬಾರು. ಅರಮನೆಯ ಹಬ್ಬವು ಅರಮನೆಗೆ ತಕ್ಕಂತೆ. ನಮ್ಮದು ನಮ್ಮ ನಡುಮನೆಗೆ ತಕ್ಕಂತೆ. ನೆರೆಮನೆಯವರ ಒಂಬತ್ತು ಮೆಟ್ಟಿಲುಗಳನ್ನು ನೋಡಿ ನಮ್ಮ ಮೂರನ್ನು ಕೈಬಿಡುವುದು ಜಾಣತನವಲ್ಲ.

ಕೆಲಸವನ್ನು ಹಂಚಿಕೊಂಡರೆ ಭಾರವು ತಾನಾಗಿಯೇ ಇಳಿಯುವುದು. ಹಬ್ಬಕ್ಕೆ ಮುಂಚಿನ ಭಾನುವಾರ ಯಜಮಾನರು ಪೆಟ್ಟಿಗೆಯನ್ನು ಇಳಿಸಲಿ. ಮಣ್ಣಿನ ಗೊಂಬೆಗಳಿಗೆ ನೀರು ತಗಲಿದರೆ ಬಣ್ಣ ಬಿಡುವುದು. ಒಣಗಿದ ಮೆತ್ತನೆಯ ಬಟ್ಟೆಯಿಂದ ಒರಸಿದರೆ ಸಾಕು. ಅದೇ ದಿನ ಮಕ್ಕಳು ಒಂದು ಅಗಲವಾದ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿಯನ್ನು ಬಿತ್ತಲಿ. ದಿನವೂ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಹಸುರು ಹೊಲ ಸಿದ್ಧ. ಮಹಾಲಯ ಅಮಾವಾಸ್ಯೆಯ ಸಂಜೆ ಮಣೆ, ಟ್ರಂಕು, ದಪ್ಪ ಪುಸ್ತಕಗಳನ್ನು ಎತ್ತರಕ್ಕೆ ತಕ್ಕಂತೆ ಜೋಡಿಸಿ, ಮೇಲೆ ಒಗೆದ ಬಿಳಿಯ ಪಂಚೆಯನ್ನು ಹಾಸಿದರೆ ಮೆಟ್ಟಿಲುಗಳಾದುವು.

ಮೇಲಿನ ಮೆಟ್ಟಿಲಿನಲ್ಲಿ ಕಲಶ ಮತ್ತು ಪಟ್ಟದ ಗೊಂಬೆಗಳು. ಇವು ವಾಡಿಕೆಯಾಗಿ ರಕ್ತಚಂದನದ ಮರದವು. ಬಟ್ಟೆ, ಮಣಿಸರಗಳನ್ನು ತೊಡಿಸುವ ಅಧಿಕಾರವನ್ನು ಮಗಳಿಗೆ ಕೊಟ್ಟುಬಿಡಿರಿ. ನಡುವಿನ ಮೆಟ್ಟಿಲಿನಲ್ಲಿ ದೇವರು, ದಶಾವತಾರ ಮೊದಲಾದುವು. ಹೊಸದಾಗಿ ಕೊಳ್ಳಬೇಕೆಂದಿದ್ದರೆ ವರುಷಕ್ಕೆ ಒಂದೇ ಸಾಕು. ಬೆಂಗಳೂರಿನಿಂದ ಕೆಂಗೇರಿಯ ದಾರಿಯಾಗಿ ಸುಮಾರು 60 ಕಿಲೋಮೀಟರು ಹೋದರೆ ಚನ್ನಪಟ್ಟಣ. ಅಲ್ಲಿ ಹಾಲೆಮರವನ್ನು ಚರಕಿಯಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಗೊಂಬೆಗಳು ಎಳೆಯ ಮಕ್ಕಳ ಕೈಗೂ ಬಾಳುವಂಥವು.

ಕೆಳಗಿನ ಮೆಟ್ಟಿಲು ಮಕ್ಕಳದು. ರಾಗಿಯ ಹೊಲದ ಬದಿಯಲ್ಲಿ ಅವರು ತಮ್ಮ ಬಡಾವಣೆಯನ್ನೇ ಕಟ್ಟಲಿ: ಬೆಂಕಿಪೊಟ್ಟಣಗಳ ಮೆಟ್ರೋ ರೈಲು, ತರಕಾರಿಯ ಗಾಡಿ, ನೀಲಿ ಕಾಗದದ ವೃಷಭಾವತಿ. ಕೆಂಗೇರಿಯ ಬಳಿ ಇಂದು ಕೊಳಚೆಯನ್ನು ಹೊತ್ತು ಹರಿಯುವ ಆ ನದಿಯು ಮಕ್ಕಳ ತಟ್ಟೆಯಲ್ಲಿ ತಿಳಿಯಾಗಿ ಹರಿದಾಗ, ಅದು ಏಕೆ ಕೆಟ್ಟಿತೆಂದು ಅವರೇ ಕೇಳುವರು. ಉತ್ತರ ಹೇಳುವ ಹೊಣೆ ಹಿರಿಯರದು.

ಬಟ್ಟೆ, ಕಾಗದಗಳಿರುವೆಡೆ ಎಣ್ಣೆಯ ದೀಪವನ್ನು ಮೆಟ್ಟಿಲುಗಳಿಂದ ದೂರವಾಗಿ, ನೆಲದ ಮೇಲೆ ತಟ್ಟೆಯಲ್ಲಿಡತಕ್ಕದ್ದು. ಒಂಬತ್ತು ಸಂಜೆಯೂ ಅತಿಥಿಗಳನ್ನು ಕರೆಯಬೇಕೆಂದಿಲ್ಲ. ಬಿಡುವಿರುವ ಎರಡು ಸಂಜೆ ನೆರೆಯ ಮಕ್ಕಳನ್ನು ಕರೆದರೆ ಸಾಕು. ಬೆಳಿಗ್ಗೆ ಕಡಲೆಯನ್ನು ನೆನೆಹಾಕಿ ಹೋದರೆ ಸಂಜೆ ಉಸಲಿ ಮಾಡುವುದು ಕಷ್ಟವಲ್ಲ. ಅದೇ ಗೊಂಬೆ ಬಾಗಿನ.

ಈಚೆಗೆ ಅಕ್ಟೋಬರ್ 31ರ ಹ್ಯಾಲೋವೀನ್ ಎಂಬ ಪಾಶ್ಚಾತ್ಯ ಆಚರಣೆಯೂ ನಮ್ಮ ಮಕ್ಕಳ ಕಿವಿಗೆ ಬಿದ್ದಿದೆ. ಐರ್ಲೆಂಡಿನವರು ಟರ್ನಿಪ್ ಗೆಡ್ಡೆಯನ್ನು ಕೊರೆದು ಒಳಗೆ ದೀಪವಿಡುತ್ತಿದ್ದರು. ಅಮೆರಿಕೆಗೆ ವಲಸೆ ಹೋದಮೇಲೆ ಆ ಸ್ಥಾನವು ಕುಂಬಳಕಾಯಿಗೆ ದೊರೆಯಿತು. ಮಕ್ಕಳು ಅದನ್ನು ಬಯಸಿದರೆ ಗದರಿಸಬೇಕಾಗಿಲ್ಲ. ದೃಷ್ಟಿ ಪರಿಹಾರಕ್ಕೆಂದು ಆಯುಧಪೂಜೆಯ ದಿನ ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೆಯುವ ನಮಗೆ ಆ ಭಾವನೆ ತೀರ ಹೊಸದೇನಲ್ಲ. ಆದರೆ ಒಡೆದ ಹೋಳುಗಳನ್ನು ಬೀದಿಯಲ್ಲಿಯೇ ಬಿಟ್ಟರೆ ದ್ವಿಚಕ್ರ ವಾಹನದವರು ಜಾರಿ ಬೀಳುವರು. ದೃಷ್ಟಿ ತೆಗೆದ ಕೈಯೇ ಹೋಳುಗಳನ್ನೂ ತೆಗೆಯಲಿ.

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮರುದಿನ ಹಳೆಯ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಒಣಗಿದ ಬೇವಿನೆಲೆಯೊಡನೆ ಪೆಟ್ಟಿಗೆಯಲ್ಲಿಡಬೇಕು. ಯಾವ ಗೊಂಬೆಯನ್ನು ಯಾರು, ಯಾವಾಗ ಕೊಟ್ಟರೆಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ ಒಳ್ಳೆಯದು. ಅಜ್ಜಿಯ ನೆನಪಿನಲ್ಲಿ ಮಾತ್ರ ಇರುವ ಸಂಗತಿಗಳು ಅವರೊಡನೆಯೇ ಹೋಗಿಬಿಡುವುವು. ಚೀಟಿಯಾದರೋ ಗೊಂಬೆಗಳೊಡನೆ ಮೊಮ್ಮಕ್ಕಳ ಮನೆಗೆ ಸೇರುವುದು.