ಹೀಟರ್ ಹೇಳುವ ಎಂಜಿನ್ನಿನ ರೋಗ

ಶೀತದೇಶಗಳ ಅನೇಕ ಹಳೆಯ ಇನ್‌ಬೋರ್ಡ್ ದೋಣಿಗಳಲ್ಲಿ ಕ್ಯಾಬಿನ್ ಬೆಚ್ಚಗಿಡುವುದು ಎಂಜಿನ್ನಿನ ಬಿಸಿ ಕೂಲಂಟ್ ದ್ರವವೇ. ಹೀಗಾಗಿ ಹೀಟರ್ ಎಂಜಿನ್ನಿನ ನಾಡಿಯೂ ಹೌದು.

ಎಂಜಿನ್ ಅತಿಯಾಗಿ ಕಾದಿದ್ದರೂ ಹೀಟರ್ ತಣ್ಣನೆಯ ಗಾಳಿ ಬೀಸಿದರೆ ಕೂಲಂಟ್ ಇಳಿದಿರಬಹುದು, ಕೊಳವೆಯಲ್ಲಿ ಗಾಳಿ ಸಿಲುಕಿರಬಹುದು ಅಥವಾ ಕೂಲಂಟ್ ಪಂಪ್ ಕೆಟ್ಟಿರಬಹುದು. ಹೀಟರ್ ಚೆನ್ನಾಗಿ ಬಿಸಿಯಾಗಿದ್ದು, ಹೊಗೆಕೊಳವೆಯಿಂದ ಚಿಮ್ಮುವ ನೀರು ತಗ್ಗಿದ್ದರೆ ದೋಷ ಹೊರನೀರಿನ ದಾರಿಯಲ್ಲಿದೆ ಎಂದು ಶಂಕಿಸಬೇಕು.

ಸುರಕ್ಷಿತ ಸ್ಥಳದಲ್ಲಿ ಲಂಗರು ಹಾಕಿ ಎಂಜಿನ್ ನಿಲ್ಲಿಸಿ. ದೋಣಿಯ ತಳದ ನೀರಿನ ವಾಲ್ವ್ ಮುಚ್ಚಿದ ನಂತರವೇ ಜಾಲರಿಯ ಕಸವನ್ನೂ ಪಂಪಿನ ರಬ್ಬರ್ ಇಂಪೆಲ್ಲರನ್ನೂ ಪರೀಕ್ಷಿಸಿ. ಮುರಿದ ರೆಕ್ಕೆಗಳ ತುಂಡುಗಳನ್ನು ಹುಡುಕಿ ತೆಗೆಯದಿದ್ದರೆ ಅವು ಮುಂದೆ ಅಡ್ಡಗಟ್ಟುತ್ತವೆ. ಹೊಸ ಇಂಪೆಲ್ಲರ್ ಹಾಕಿಯೂ ಫಲವಿಲ್ಲ.

ಎಂಜಿನ್ ಆರುವ ಮುನ್ನ ಕೂಲಂಟ್ ಮುಚ್ಚಳ ತೆರೆಯಬೇಡಿ. ಕುದಿಯುವ ದ್ರವ ಮುಖಕ್ಕೇ ಸಿಡಿಯುತ್ತದೆ.