ಕತ್ತು ತಿರುಗಿಸಿದಾಗ ತಲೆ ಸುತ್ತಿದರೆ...

ಯಾರೋ ಹಿಂದಿನಿಂದ ಕರೆದರೆಂದು ಕತ್ತು ಹೊರಳಿಸಿದೊಡನೆ ಕೋಣೆಯೇ ಗಿರ್ರನೆ ಸುತ್ತಿದಂತಾಗುತ್ತದೆ. ಮುಖ ನೇರ ಮಾಡಿದರೆ ಸರಿಹೋಗುತ್ತದೆ. ಇದನ್ನು ಪಿತ್ತವೆಂದು ತಳ್ಳಿಹಾಕುವವರೇ ಹೆಚ್ಚು. ತಲೆಯ ಭಂಗಿ ಬದಲಾದಾಗ ಬರುವ ಸುತ್ತಿಗೆ ಬಹುಮಟ್ಟಿಗೆ ಒಳಕಿವಿಯಲ್ಲಿ ಜಾಗ ತಪ್ಪಿದ ಸುಣ್ಣದ ಸೂಕ್ಷ್ಮ ಹರಳುಗಳು ಕಾರಣ. ಅಪರೂಪಕ್ಕೆ ಮಾತ್ರ ಕಾರಣ ಕತ್ತಿನ ರಕ್ತನಾಳದಲ್ಲಿರುತ್ತದೆ. ಅಪರೂಪವಾದರೂ ಅಲಕ್ಷಿಸುವಂಥದಲ್ಲ.

ಮೆದುಳಿಗೆ ರಕ್ತ ಒಯ್ಯುವ ನಾಲ್ಕು ದೊಡ್ಡ ಅಪಧಮನಿಗಳಲ್ಲಿ ಎರಡು ಕತ್ತಿನ ಮುಂಭಾಗದಲ್ಲಿವೆ. ಉಳಿದೆರಡು, ಅಂದರೆ ವರ್ಟಿಬ್ರಲ್ ಅಪಧಮನಿಗಳು, ಕತ್ತಿನ ಮೂಳೆಮಣಿಗಳ ಪಕ್ಕದ ರಂಧ್ರಗಳಲ್ಲಿ ಪೋಣಿಸಿದ ದಾರದಂತೆ ಮೇಲೇರಿ ತಲೆಬುರುಡೆಯೊಳಗೆ ಒಂದಾಗುತ್ತವೆ. ದೇಹದ ಸಮತೋಲ ಕಾಯುವ ಅನುಮಸ್ತಿಷ್ಕಕ್ಕೂ ಒಳಕಿವಿಗೂ ರಕ್ತ ಬರುವುದು ಇಲ್ಲಿಂದಲೇ. ಕತ್ತು ಪೂರ್ತಿ ತಿರುಗಿದಾಗ ಮೇಲಿನ ಎರಡು ಮಣಿಗಳ ನಡುವೆ ಈ ನಾಳ ಎಳೆದಂತಾಗುತ್ತದೆ. ಒಂದು ಕಡೆ ಹರಿವು ಕುಗ್ಗಿದರೂ ಇನ್ನೊಂದು ನಾಳ ಸರಿದೂಗಿಸುತ್ತದೆ. ಆ ಇನ್ನೊಂದು ಹುಟ್ಟಿನಿಂದಲೇ ಸಣ್ಣದಾಗಿದ್ದು, ಇತ್ತ ಸವೆದ ಮಣಿಯ ಅಂಚಿನಲ್ಲಿ ಬೆಳೆದ ಮೂಳೆಯ ಮೊನೆಯೂ ಒತ್ತಿದರೆ ತೊಂದರೆ ಶುರು. ಬಿಲ್ಲುವಿದ್ಯೆಯ ಅಭ್ಯಾಸದ ವೇಳೆ ಒಬ್ಬರಿಗೆ ಹೀಗೆ ಮೆದುಳಿನ ಆಘಾತವಾದುದನ್ನು ಸೊರೆನ್ಸೆನ್ ಎಂಬ ವೈದ್ಯರು 1978ರಲ್ಲಿ ವರದಿ ಮಾಡಿದರು. ಅಂದಿನಿಂದ ಈ ತೊಂದರೆಗೆ ಬಿಲ್ಲುಬೇಟೆಗಾರನ ಹೆಸರೇ ಅಂಟಿಕೊಂಡಿದೆ.

ಪತ್ತೆಗೆ ನೆರವಾಗುವುದು ಪಾಠಪುಸ್ತಕದ ಡಾಪ್ಲರ್ ಪರಿಣಾಮ. ಹತ್ತಿರ ಬರುವ ರೈಲಿನ ಸಿಳ್ಳು ತಾರಕದಲ್ಲಿ, ದೂರ ಸರಿಯುವಾಗ ಮಂದ್ರದಲ್ಲಿ ಕೇಳುವುದಷ್ಟೆ? 1842ರಲ್ಲಿ ಆಸ್ಟ್ರಿಯದ ಕ್ರಿಶ್ಚಿಯನ್ ಡಾಪ್ಲರ್ ಹೇಳಿದ ಈ ತತ್ವವನ್ನು 1845ರಲ್ಲಿ ಹಾಲೆಂಡಿನಲ್ಲಿ ರೈಲಿನ ಮೇಲೆ ತುತ್ತೂರಿ ಊದಿಸಿಯೇ ಪರೀಕ್ಷಿಸಲಾಯಿತು. ಇಲ್ಲಿ ರೈಲಿನ ಬದಲು ಕೆಂಪು ರಕ್ತಕಣಗಳು. ಸೆಕೆಂಡಿಗೆ 50 ಲಕ್ಷ ಕಂಪನಗಳ ಶ್ರವಣಾತೀತ ಧ್ವನಿಯನ್ನು 60 ಡಿಗ್ರಿ ಕೋನದಲ್ಲಿ ಹಾಯಿಸಿದಾಗ, ರಕ್ತ ಸೆಕೆಂಡಿಗೆ 50 ಸೆಂ.ಮೀ. ವೇಗದಲ್ಲಿದ್ದರೆ, ಮರಳುವ ಧ್ವನಿಯಲ್ಲಿ ಸುಮಾರು 1,600 ಕಂಪನಗಳ ವ್ಯತ್ಯಾಸ ಬರುತ್ತದೆ. ಮೂಲ ಧ್ವನಿ ಕಿವಿಗೆ ಕೇಳದು, ಈ ವ್ಯತ್ಯಾಸ ಕೇಳುತ್ತದೆ! ಯಂತ್ರದ ಧ್ವನಿವರ್ಧಕದಿಂದ ಹೊರಡುವ 'ಹುಶ್... ಹುಶ್' ಅದೇ.

ಕತ್ತು ನೇರವಾಗಿದ್ದಾಗ ಮಾತ್ರ ಸ್ಕ್ಯಾನ್ ಮಾಡಿದರೆ ಎಲ್ಲವೂ ಸಹಜವೆಂದೇ ವರದಿ ಬರಬಹುದು. ಆದ್ದರಿಂದ ವೈದ್ಯರು ಕತ್ತನ್ನು ಎಡಕ್ಕೆ, ಬಲಕ್ಕೆ ನಿಧಾನವಾಗಿ ತಿರುಗಿಸುತ್ತ ಹರಿವನ್ನು ಗಮನಿಸಬೇಕು. ವೇಗ ಕುಸಿದ ಕ್ಷಣದಲ್ಲೇ ತಲೆಸುತ್ತೂ ಬಂದು, ಮುಖ ನೇರವಾದಾಗ ಎರಡೂ ಸರಿಹೋದರೆ ಸಂಶಯ ಬಲವಾಗುತ್ತದೆ. ಮೂಳೆ ಧ್ವನಿಯನ್ನು ತಡೆಯುವುದರಿಂದ ನಾಳ ಪೂರ್ತಿ ಕಾಣದು. ಹೀಗಾಗಿ ಕೊನೆಯ ತೀರ್ಮಾನಕ್ಕೆ, ಕತ್ತು ತಿರುಗಿಸಿಯೇ ತೆಗೆವ ಆಂಜಿಯೋಗ್ರಾಮ್ ಬೇಕು. ಒತ್ತಡ ಖಚಿತವಾದರೆ ಕೆಲವರಿಗೆ ಕತ್ತಿನ ಪಟ್ಟಿ ಸಾಕು, ಕೆಲವರಿಗೆ ಶಸ್ತ್ರಚಿಕಿತ್ಸೆ.

ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಿನೋಡುವಂತಿಲ್ಲ. ಕ್ಷೌರದಂಗಡಿಯಲ್ಲಿ ಕತ್ತನ್ನು 'ಲಟಕ್' ಎನ್ನಿಸಿಕೊಳ್ಳುವ ಸುಖವೂ ಬೇಡ. ನಾಳದ ಒಳಪದರ ಹರಿಯಬಹುದು. ಸುತ್ತಿನೊಂದಿಗೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು.