ಮೆಣಸಿನ ಕೊಯ್ಲು, ಏಣಿ ಮತ್ತು ವಿದ್ಯುತ್ ತಂತಿ

ಕೊಡಗು, ಚಿಕ್ಕಮಗಳೂರು ಮತ್ತು ಹಾಸನದ ಮಲೆನಾಡು ಸೀಮೆಗಳಲ್ಲಿ ಕಾಫಿ ತೋಟದ ನೆರಳು ಮರಗಳಿಗೆ ಕಾಳುಮೆಣಸಿನ ಬಳ್ಳಿಯನ್ನು ಹಬ್ಬಿಸುವುದು ವಾಡಿಕೆಯಾಗಿದೆ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪೇರಿದೊಡನೆ ಕೊಯ್ಲಿಗೆ ಕಾಲವಾಯಿತೆಂದು ತಿಳಿಯಬೇಕು. ಸಿಲ್ವರ್ ಓಕ್ ಮರಗಳಲ್ಲಿ ಬಳ್ಳಿಯು ಬಹಳ ಎತ್ತರಕ್ಕೆ ಏರುವುದರಿಂದ ಏಣಿಯಿಲ್ಲದೆ ಈ ಕೆಲಸವು ಸಾಗದು.

ಹಿಂದೆ ಬಿದಿರಿನ ಏಣಿಯೇ ಬಳಕೆಯಲ್ಲಿತ್ತು. ಅಲ್ಯೂಮಿನಿಯಂ ಏಣಿಯು ಹಗುರವಾದುದು; ಅದಕ್ಕೆ ಗೆದ್ದಲು ಹಿಡಿಯದು, ಮಳೆಗೆ ಅದು ಕೊಳೆಯದು. ಆದಕಾರಣ ಅನೇಕ ತೋಟಗಳವರು ಅದನ್ನು ಕೊಂಡಿರುತ್ತಾರೆ. ಆದರೆ ಈ ಲೋಹದಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ಏಣಿಯನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಒಂದು ಮರದಿಂದ ಮತ್ತೊಂದಕ್ಕೆ ಸಾಗಿಸುವಾಗ, ಎಲೆಗಳ ಮರೆಯಲ್ಲಿದ್ದ ತಂತಿಗೆ ಅದರ ತುದಿಯು ತಗುಲಿ ಆಳುಗಳು ಪ್ರಾಣ ಕಳೆದುಕೊಂಡ ಪ್ರಸಂಗಗಳು ಹಲವು ಸಲ ನಡೆದಿವೆ. ಇಂಥ ಅಪಾಯವನ್ನು ತಪ್ಪಿಸುವುದು ಯಜಮಾನರ ಕೈಯಲ್ಲಿದೆ.

ಕೊಯ್ಲಿಗೆ ಮೊದಲು ಯಜಮಾನರು ಮೇಸ್ತ್ರಿಯೊಡನೆ ತೋಟವನ್ನೆಲ್ಲ ಸುತ್ತಿ, ತಂತಿ ಹಾದುಹೋಗಿರುವ ಸಾಲಿನ ಮರಗಳಿಗೆ ಸುಣ್ಣದ ಪಟ್ಟೆ ಬಳಿಸತಕ್ಕದ್ದು. ತಂತಿಗೂ ಏಣಿಗೂ ನಡುವೆ ಏಣಿಯ ಪೂರ್ಣ ಉದ್ದದ ಮೇಲೆ ಇನ್ನೂ 10 ಅಡಿ ಅಂತರವಿರಲಿ. ಆಗ ಏಣಿಯು ಯಾವ ಕಡೆಗೆ ಬಿದ್ದರೂ ತಂತಿಯನ್ನು ಮುಟ್ಟದು. ಪಟ್ಟೆಯಿರುವ ಮರಗಳ ಕೊಯ್ಲನ್ನು ವಿದ್ಯುತ್ ಕಂಪೆನಿಯವರಿಂದ ಲೈನು ನಿಲ್ಲಿಸಿದ ತರುವಾಯವೇ ಮಾಡಿಸಬೇಕು. ಬಿದಿರು ಹಸಿಯಾಗಿದ್ದರೆ ಅಥವಾ ನೆನೆದಿದ್ದರೆ ಅದನ್ನೂ ನಂಬಲಾಗದು. ಏಣಿಯನ್ನು ಮಲಗಿಸಿ, ಇಬ್ಬರು ಹೊತ್ತು ಸಾಗಿಸತಕ್ಕದ್ದು.

ಏಣಿಯನ್ನು ಒರಗಿಸುವಾಗ ಪ್ರತಿ 4 ಅಡಿ ಎತ್ತರಕ್ಕೆ 1 ಅಡಿಯಂತೆ ಬುಡವನ್ನು ಮರದಿಂದ ದೂರವಿಡಬೇಕು. 20 ಅಡಿ ಎತ್ತರಕ್ಕೆ 5 ಅಡಿ ಸರಿಯಾದ ಅಳತೆ. ಬುಡವು ಗಟ್ಟಿ ನೆಲದಲ್ಲಿ ನಿಂತಿರಲಿ. ಹತ್ತುವವನು ಮೇಲೆ ಮುಟ್ಟಿ ತುದಿಯನ್ನು ಮರಕ್ಕೆ ಹಗ್ಗದಿಂದ ಬಿಗಿಯುವವರೆಗೂ ಮತ್ತೊಬ್ಬನು ಕೆಳಗೆ ಹಿಡಿದಿರಬೇಕು. ಚೀಲವು ಹೆಗಲಿಗೆ ತೂಗುಬಿದ್ದಿದ್ದರೆ ಹತ್ತಿಳಿಯುವಾಗ ಎರಡು ಕೈಗಳೂ ಏಣಿಗೆ ದೊರೆಯುತ್ತವೆ. ದೂರದ ಗೊಂಚಲಿಗೆ ಮೈಬಾಗಿಸದೆ, ಇಳಿದು ಏಣಿಯನ್ನು ಸರಿಸುವುದೇ ಮೇಲು. ಮಳೆಗಾಳಿಯಲ್ಲಿ ಆಳನ್ನು ಮರ ಹತ್ತಿಸಕೂಡದು.

ಯಾರಿಗಾದರೂ ವಿದ್ಯುತ್ತು ತಗುಲಿದರೆ, ಲೈನು ನಿಂತಿತೆಂದು ಖಚಿತವಾಗುವ ತನಕ ಅವನನ್ನಾಗಲಿ ಏಣಿಯನ್ನಾಗಲಿ ಮುಟ್ಟಬಾರದು. ಕೂಡಲೇ 1912ಕ್ಕೆ ಕರೆಮಾಡಿ ಲೈನು ನಿಲ್ಲಿಸಲು ಹೇಳಿ, 108ರ ಆಂಬುಲೆನ್ಸನ್ನು ಕರೆಸಬೇಕು. ಈ ಎರಡು ಅಂಕೆಗಳನ್ನು ಆಳುಗಳೆಲ್ಲರೂ ಬಾಯಿಪಾಠ ಮಾಡಿರಲಿ.

ಮುಂದಿನ ನಾಟಿಯಲ್ಲಿ ತಂತಿಯ ಕೆಳಗೆ ಬಳ್ಳಿ ಹಬ್ಬಿಸದೆ, ನೆಲದಿಂದಲೇ ಕೊಯ್ಯಬಹುದಾದ ಪೊದೆಮೆಣಸನ್ನು ಬೆಳೆಸುವುದು ಲೇಸು. ಮರದಲ್ಲಿ ಉಳಿದ ಮೆಣಸಿನ ನಷ್ಟವನ್ನು ಬರುವ ವರ್ಷದ ಬೆಳೆಯು ತುಂಬಿಕೊಟ್ಟೀತು. ದುಡಿಯುವವನನ್ನು ಕಳೆದುಕೊಂಡ ಮನೆಗೆ ಆ ನಷ್ಟವನ್ನು ತುಂಬಿಕೊಡುವವರಿಲ್ಲ.